ಮ್ಯೂಆನ್ ಡಿಟೆಕ್ಟರ್ ಎಣಿಕೆ ತಪ್ಪಿದಾಗ: ಬ್ರಾಕೆಟ್ ಹಾಕಿ ದೋಷ ಹುಡುಕುವ ಕ್ರಮ

ಈ ಕೈಪಿಡಿ ಒಂದೇ ಬಗೆಯ ಉಪಕರಣದ ಬಗ್ಗೆ: ಆಕಾಶದಿಂದ ಸುರಿಯುವ ಮ್ಯೂಆನ್ ಅನ್ನುವ ಕಣಗಳನ್ನು (ಎಲೆಕ್ಟ್ರಾನ್‌ನಂಥವು, ಆದರೆ ಭಾರ ಜಾಸ್ತಿ) ಎಣಿಸುವಂಥದ್ದು. ಒಂದರ ಮೇಲೊಂದು ಮೂರು ಪ್ಲಾಸ್ಟಿಕ್ ಸಿಂಟಿಲೇಟರ್ ಫಲಕಗಳು, ಕಣ ದಾಟಿದರೆ ಮಿನುಗುವಂಥವು. ಪ್ರತಿ ಫಲಕಕ್ಕೂ ಒಂದು ಫೋಟೊಮಲ್ಟಿಪ್ಲೈಯರ್ ಟ್ಯೂಬ್, ಆ ಮಿನುಗನ್ನು ವಿದ್ಯುತ್ ಪಲ್ಸ್ ಮಾಡುವುದು. ಟ್ಯೂಬಿನ ಪಲ್ಸ್ ಡಿಸ್ಕ್ರಿಮಿನೇಟರ್‌ಗೆ (ನಿಗದಿತ ಮಿತಿ ದಾಟಿದ ಪಲ್ಸ್‌ಗೆ ಮಾತ್ರ ಮುಂದೆ ದಾರಿ) ಹೋಗುತ್ತದೆ, ಅಲ್ಲಿಂದ ಪಲ್ಸ್‌ಗಳು ಒಟ್ಟಿಗೆ ಬಂದವೇ ಅಂತ ನೋಡುವ ಕಾಯಿನ್ಸಿಡೆನ್ಸ್ ಯೂನಿಟ್‌ಗೆ, ಕೊನೆಗೆ ಕೌಂಟರ್‌ಗೆ. ಮೂರೂ ಫಲಕ ಒಟ್ಟಿಗೆ ಮಿನುಗಿದರೆ ಒಂದು ಎಣಿಕೆ. ಹೊಸ ಡಿಟೆಕ್ಟರ್ ವಿನ್ಯಾಸ ಮಾಡುವವರು ಪರೀಕ್ಷೆಗೆ ಬಳಸುವುದೂ ಇದನ್ನೇ: ಮೇಲೊಂದು, ಕೆಳಗೊಂದು ನಂಬಿಕೆಯ ಫಲಕ, ನಡುವೆ ಪರೀಕ್ಷೆಗೆ ಬಂದದ್ದು.

ನನ್ನ ಕೆಲಸ ಅರ್ಧ ಡಿಟೆಕ್ಟರ್ ಪರೀಕ್ಷೆ, ಇನ್ನರ್ಧ ಲ್ಯಾಂಬ್ಡಾ ಕ್ಯಾಲ್ಕುಲಸ್‌ನ ಬೀಜಗಣಿತ, ಅಂದರೆ ಫಂಕ್ಷನ್‌ಗಳಿಂದಲೇ ಎಲ್ಲ ಲೆಕ್ಕ ಮಾಡುವ ಗಣಿತ. ಎರಡಕ್ಕೂ ಏನು ಸಂಬಂಧ ಅಂತ ಕೇಳುವವರು ಜಾಸ್ತಿ. ದೋಷ ಹುಡುಕಲು ಕೂತಾಗ ಸಂಬಂಧ ನೇರವಾಗಿಯೇ ಕಾಣುತ್ತದೆ. ಲ್ಯಾಂಬ್ಡಾ ಕ್ಯಾಲ್ಕುಲಸ್‌ನಲ್ಲಿ ಇರುವುದು ಎರಡೇ ಕೆಲಸ: ಫಂಕ್ಷನ್ ಕಟ್ಟುವುದು, ಅದನ್ನು ಇನ್ನೊಂದಕ್ಕೆ ಅನ್ವಯಿಸುವುದು. ಡಿಟೆಕ್ಟರ್ ಸರಣಿಯೂ ಅಷ್ಟೇ. ಪ್ರತಿ ಪೆಟ್ಟಿಗೆ ಒಂದು ಫಂಕ್ಷನ್, ಪ್ರತಿ ಕೇಬಲ್ ಜೋಡಣೆ ಒಂದು ಅನ್ವಯ. ಯಾವುದು ಯಾವುದರ ಒಳಗೆ ಕೂತಿದೆ ಅಂತ ಗೊತ್ತಿಲ್ಲದೆ ಸ್ಕ್ರೂಡ್ರೈವರ್ ಎತ್ತಿದರೆ ದಿನಗಟ್ಟಲೆ ಸುಮ್ನೆ ಹೋಗುತ್ತದೆ.

ಮೊದಲು ಬರೆಯಿರಿ, ಆಮೇಲೆ ಮುಟ್ಟಿ

ಫಲಕಗಳನ್ನು ಮೇಲಿನಿಂದ ಕೆಳಕ್ಕೆ ಅ, ಬ, ಚ ಅನ್ನೋಣ. ಹಾಳೆಯ ಮೇಲೆ ಇಡೀ ಸರಣಿಯನ್ನು ಒಂದೇ ಸಾಲಿನಲ್ಲಿ ಬರೆಯಿರಿ:

ಎಣಿಸು ( ಕೂಡು ( ಕೂಡು ( ಅ, ಬ ), ಚ ) )

ಇದರಲ್ಲಿ ಅ ಅಂದರೆ ಬರೀ ಫಲಕ ಅಲ್ಲ. ಅದು ತಡ ( ಮಿತಿ ( ಟ್ಯೂಬ್ ( ಫಲಕ ) ) ). ‘ಮಿತಿ’ ಅಂದರೆ ಡಿಸ್ಕ್ರಿಮಿನೇಟರ್, ‘ತಡ’ ಅಂದರೆ ಕೇಬಲ್. ಕೇಬಲನ್ನು ಬಿಡಬೇಡಿ. ಸಾಮಾನ್ಯ ಕೋಆಕ್ಸಿಯಲ್ ಕೇಬಲ್‌ನಲ್ಲಿ ಒಂದು ಮೀಟರ್ ಅಂದರೆ ಸುಮಾರು 5 ನ್ಯಾನೊಸೆಕೆಂಡ್ ತಡ. ಬೆಳಕಿನ ವೇಗದ ಹತ್ತಿರ ಓಡುವ ಮ್ಯೂಆನ್ 40 ಸೆಂಟಿಮೀಟರ್ ಇಳಿಯಲು 1.3 ನ್ಯಾನೊಸೆಕೆಂಡ್ ಸಾಕು. ಅಂದರೆ ಇಂಥ ಉಪಕರಣದಲ್ಲಿ ಕಣದ ಓಟಕ್ಕಿಂತ ಕೇಬಲ್‌ನ ಉದ್ದವೇ ಸಮಯವನ್ನು ನಿರ್ಧರಿಸುತ್ತದೆ.

ಎಲ್ಲೆಲ್ಲಿ ಬ್ರಾಕೆಟ್ ಮುಚ್ಚುತ್ತದೋ ಅಲ್ಲೆಲ್ಲ ಆಸಿಲೋಸ್ಕೋಪ್ (ಪಲ್ಸ್‌ನ ಆಕಾರ ತೋರಿಸುವ ಉಪಕರಣ) ಹಚ್ಚಿ ನೋಡಬಹುದು.

ಅದೇ ಹಾಳೆಯ ಮೇಲೆ, ಎಷ್ಟು ಎಣಿಕೆ ಬರಬೇಕು ಅನ್ನುವುದನ್ನೂ ಬರೆದಿಡಿ. ಸಮುದ್ರ ಮಟ್ಟದಲ್ಲಿ ಅಡ್ಡಲಾಗಿ ಇಟ್ಟ ಫಲಕದ ಮೇಲೆ ಚದರ ಸೆಂಟಿಮೀಟರ್‌ಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. ಫಲಕ 20 ಸೆಂಟಿಮೀಟರ್ ಚೌಕ ಅಂದುಕೊಳ್ಳಿ. ಒಂದೊಂದರ ಮೇಲೂ ನಿಮಿಷಕ್ಕೆ 400ರಷ್ಟು ಬಿದ್ದವು. ಆದರೆ ಮೂರನ್ನೂ ದಾಟುವವು ಕಡಿಮೆ, ಓರೆಯಾಗಿ ಬಂದವು ಪಕ್ಕದಿಂದ ಜಾರಿಹೋಗುತ್ತವೆ. ಮೇಲಿನ ಮತ್ತು ಕೆಳಗಿನ ಫಲಕದ ನಡುವೆ 40 ಸೆಂಟಿಮೀಟರ್ ಇದ್ದರೆ, ನೇರ ಮೇಲಿನಿಂದ ಬರುವ ಹರಿವು ಚದರ ಮೀಟರ್‌ಗೆ, ಸ್ಟೆರೇಡಿಯನ್‌ಗೆ (ಘನಕೋನದ ಅಳತೆ), ಸೆಕೆಂಡಿಗೆ 70 ಅಂತ ಹಿಡಿದು, ಕೋನ ಹೆಚ್ಚಿದಂತೆ ಕೊಸೈನ್ ವರ್ಗದಷ್ಟು ಕಡಿಮೆ ಮಾಡುತ್ತಾ ಹೋದರೆ, ನಿಮಿಷಕ್ಕೆ 30ರ ಆಸುಪಾಸು ಬರುತ್ತದೆ. ಈ ಸಂಖ್ಯೆ ಕೈಯಲ್ಲಿ ಇಲ್ಲದೆ ‘ಎಣಿಕೆ ಕಡಿಮೆ ಇದೆ’ ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಇನ್ನೊಂದು ಮಾತು. ಟ್ಯೂಬಿಗೆ ಹೋಗುವುದು 1000 ವೋಲ್ಟ್ ದಾಟಿದ ವಿದ್ಯುತ್. ಕನೆಕ್ಟರ್ ಬಿಚ್ಚುವ ಮೊದಲು ಸೊನ್ನೆಗೆ ಇಳಿಸಿ, ಕೆಪಾಸಿಟರ್‌ಗಳು ಖಾಲಿಯಾಗಲು ಸಮಯ ಕೊಡಿ. ಹೈ ವೋಲ್ಟೇಜ್ ಇರುವಾಗ ಟ್ಯೂಬಿಗೆ ಕೋಣೆಯ ಬೆಳಕು ಬಿದ್ದರೆ ಅದು ಹಾಳಾಗಬಹುದು. ಕಪ್ಪು ಹೊದಿಕೆ ತೆಗೆಯುವ ಕೈ, ವೋಲ್ಟೇಜ್ ಸೊನ್ನೆ ಅಂತ ಕಣ್ಣಾರೆ ನೋಡಿದ ಮೇಲೆಯೇ ಮುಂದೆ ಬರಬೇಕು.

ಎಣಿಕೆ ಸೊನ್ನೆ: ಹೊರಗಿನಿಂದ ಒಳಕ್ಕೆ ಹೋಗಿ

ಸೊನ್ನೆ ಬಂದರೆ ಬಹಳ ಜನ ಟ್ಯೂಬಿನ ಕಡೆಗೆ ಓಡುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ. ಕೌಂಟರ್‌ನಿಂದ ಶುರು ಮಾಡಿ.

ಕಾರಣ ಇದು. ಲ್ಯಾಂಬ್ಡಾ ಕ್ಯಾಲ್ಕುಲಸ್‌ನಲ್ಲಿ ‘ಕೆ’ ಅನ್ನುವ ಕಾಂಬಿನೇಟರ್, ಅಂದರೆ ಒಂದು ಸಿದ್ಧ ಫಂಕ್ಷನ್, ಇದೆ. ಅದಕ್ಕೆ ಎರಡು ವಸ್ತು ಕೊಟ್ಟರೆ ಮೊದಲನೆಯದನ್ನು ಹಿಂತಿರುಗಿಸುತ್ತದೆ, ಎರಡನೆಯದನ್ನು ನೋಡದೆಯೇ ಎಸೆಯುತ್ತದೆ. ಆ ಎರಡನೆಯದು ಎಂದೂ ಮುಗಿಯದ ಲೆಕ್ಕವಾಗಿದ್ದರೂ ಪರವಾಗಿಲ್ಲ. ಹೊರಗಿನಿಂದ ಸರಳಗೊಳಿಸುತ್ತಾ ಹೋದವನಿಗೆ ಒಂದೇ ಹೆಜ್ಜೆಗೆ ಉತ್ತರ ಸಿಗುತ್ತದೆ. ‘ಮೊದಲು ಒಳಗಿನದನ್ನು ಮುಗಿಸಿಬಿಡುತ್ತೇನೆ’ ಅಂದವನು ಅಲ್ಲೇ ಸಿಕ್ಕಿಬೀಳುತ್ತಾನೆ.

ಸೊನ್ನೆ ತೋರಿಸುವ ಡಿಟೆಕ್ಟರ್‌ನಲ್ಲಿ ಇಂಥ ಒಂದು ‘ಕೆ ಸೊನ್ನೆ’ ಕೂತಿರುವ ಸಾಧ್ಯತೆ ಜಾಸ್ತಿ. ಒಳಗೆ ಏನೇ ಬರಲಿ, ಹೊರಗೆ ಸೊನ್ನೆ. ಕೌಂಟರ್‌ನ ತಡೆ ಸ್ವಿಚ್ ಒತ್ತಿಹೋಗಿದೆ. ಕಾಯಿನ್ಸಿಡೆನ್ಸ್ ಯೂನಿಟ್‌ನ, ಎಣಿಕೆ ತಡೆಯುವ ವೀಟೊ ಇನ್‌ಪುಟ್‌ಗೆ ಯಾರೋ ಕೇಬಲ್ ಹಾಕಿ ಬಿಟ್ಟಿದ್ದಾರೆ. ‘ನಾಲ್ಕೂ ಬೇಕು’ ಅನ್ನುವ ಕಡೆಗೆ ಗುಂಡಿ ತಿರುಗಿದೆ, ಬರುತ್ತಿರುವುದು ಮೂರೇ. ಹೀಗಿರುವಾಗ ಟ್ಯೂಬ್, ಫಲಕ, ಅಂಟು ಅಂತ ಪರೀಕ್ಷೆ ಮಾಡುತ್ತಾ ಕೂತರೆ ಅದಕ್ಕೆ ಕೊನೆಯೇ ಇಲ್ಲ.

ಪಲ್ಸ್ ಜನರೇಟರ್ ತನ್ನಿ. ಗೊತ್ತಿರುವ ವೇಗದಲ್ಲಿ, ಸೆಕೆಂಡಿಗೆ 100 ಅಂತಲೇ ಇಟ್ಟುಕೊಳ್ಳಿ, ನೇರ ಕೌಂಟರ್‌ಗೆ ಕೊಡಿ. 100 ಎಣಿಸಿತಾ? ಹಾಗಾದರೆ ಒಂದು ಬ್ರಾಕೆಟ್ ಒಳಗೆ ಹೋಗಿ. ಒಂದೇ ಪಲ್ಸನ್ನು ಮೂರಾಗಿ ಒಡೆದು ಕಾಯಿನ್ಸಿಡೆನ್ಸ್‌ನ ಮೂರೂ ಇನ್‌ಪುಟ್‌ಗೆ ಕೊಡಿ. ಒಂದೊಂದಾಗಿ ಕಿತ್ತು ನೋಡಿ. ಮೂರು ಇನ್‌ಪುಟ್‌ಗೆ ಒಟ್ಟು 8 ಸ್ಥಿತಿ. ಮೂರೂ ಇರುವಾಗ ಮಾತ್ರ ಎಣಿಕೆ ಬರಬೇಕು, ಉಳಿದ 7ರಲ್ಲಿ ಬರಬಾರದು. ಎಂಟನ್ನೂ ನೋಡಿ. ಒಂದು ಕೇಬಲ್ ಕಿತ್ತರೂ ಎಣಿಸುವ ಯೂನಿಟ್ ಇದ್ದರೆ ಅದು ಸಿಗುವುದು ಈ ಹೊತ್ತಿನಲ್ಲೇ.

ಇಲ್ಲಿ ಆಗಾಗ ಕಾಣುವ ಎರಡು ತೊಂದರೆ ಹೇಳಿಬಿಡುತ್ತೇನೆ. ಎನ್‌ಐಎಂ ಮತ್ತು ಟಿಟಿಎಲ್ ಅನ್ನುವುದು ಯೂನಿಟ್‌ಗಳು ‘ಹೌದು’, ‘ಅಲ್ಲ’ ಹೇಳುವ ಎರಡು ವೋಲ್ಟೇಜ್ ಪದ್ಧತಿ. ಎನ್‌ಐಎಂ ಲಾಜಿಕ್‌ನಲ್ಲಿ ‘ಹೌದು’ ಅಂದರೆ 50 ಓಮ್ ಮೇಲೆ ಸುಮಾರು −0.8 ವೋಲ್ಟ್. ಟಿಟಿಎಲ್‌ನಲ್ಲಿ ಅದು ಪಾಸಿಟಿವ್. ಒಂದರ ಕೇಬಲನ್ನು ಇನ್ನೊಂದರ ಇನ್‌ಪುಟ್‌ಗೆ ಚುಚ್ಚಿದರೆ ಕನೆಕ್ಟರ್ ಏನೋ ಕೂತುಕೊಳ್ಳುತ್ತದೆ, ಎಣಿಕೆ ಬರುವುದಿಲ್ಲ. ಎರಡನೆಯದು ಇನ್ನೂ ಕಾಡುವಂಥದ್ದು: ಟೀ ಕನೆಕ್ಟರ್ ಹಾಕಿ, ಸ್ಕೋಪನ್ನು 50 ಓಮ್‌ನಲ್ಲಿ ಇಟ್ಟು ಪಲ್ಸ್ ನೋಡುತ್ತೀರಿ. ಆಗ 50 ಓಮ್ ಎರಡು ಕಡೆ ಆಯಿತು, ಸೇರಿ 25. ಪಲ್ಸ್ −0.8 ವೋಲ್ಟ್ ಬದಲು −0.4ಕ್ಕೆ ಕುಸಿಯುತ್ತದೆ, ಮುಂದಿನ ಯೂನಿಟ್ ಅದನ್ನು ಗುರುತಿಸುವುದೇ ಇಲ್ಲ. ನೋಡಲು ಹಾಕಿದ ಸ್ಕೋಪೇ ದೋಷ ಹುಟ್ಟಿಸಿತು ಅಲ್ವಾ. ಟೀ ಹಾಕಿದರೆ ಸ್ಕೋಪ್ 1 ಮೆಗಾಓಮ್‌ನಲ್ಲಿ ಇರಲಿ.

ಎಣಿಕೆ ಜಾಸ್ತಿ

ಮೊದಲ ಅನುಮಾನ ಬೆಳಕು ಸೋರಿಕೆ. ಅ, ಬ, ಚ ಒಂದೊಂದರ ಬಿಡಿ ಎಣಿಕೆ ನೋಡಿ. ಸೆಕೆಂಡಿಗೆ ಹತ್ತರಿಂದ ನೂರರ ಮಟ್ಟದಲ್ಲಿ ಇರುವುದು ವಾಡಿಕೆ, ಮ್ಯೂಆನ್ ಜೊತೆ ಗೋಡೆ-ನೆಲದಿಂದ ಬರುವ ಗಾಮಾ ಕಿರಣಗಳೂ ಸೇರಿ. ಒಂದು ಫಲಕ ಸಾವಿರಗಟ್ಟಲೆ ತೋರಿಸುತ್ತಿದ್ದರೆ ಕೋಣೆಯ ದೀಪ ಆರಿಸಿ. ಎಣಿಕೆ ಬಿದ್ದರೆ ಸೋರಿಕೆ ಖಚಿತ. ದೀಪ ಆರಿಸಿದಂತೆಯೇ ಒಂದು ಸಣ್ಣ ಟಾರ್ಚನ್ನು ಹೊದಿಕೆಯ ಅಂಚಿನ ಉದ್ದಕ್ಕೂ ನಿಧಾನವಾಗಿ ಆಡಿಸಿ, ಬಿಡಿ ಎಣಿಕೆ ನೋಡುತ್ತಿರಿ. ರಂಧ್ರದ ಹತ್ತಿರ ಬಂದ ಕೂಡಲೇ ಸಂಖ್ಯೆ ಜಿಗಿಯುತ್ತದೆ. ಹೆಚ್ಚಾಗಿ ಜಾಗ ಟ್ಯೂಬ್ ಮತ್ತು ಫಲಕ ಸೇರುವ ಕುತ್ತಿಗೆ. ಅಲ್ಲಿ ಟೇಪ್ ಮಡಿಕೆ ಬೀಳುತ್ತದೆ.

‘ಮೂರೂ ಒಟ್ಟಿಗೆ ಮಿನುಗಬೇಕು ತಾನೆ, ಸೋರಿಕೆಯಿಂದ ಏನಾಗುತ್ತೆ’ ಅನ್ನುವವರಿಗೆ ಲೆಕ್ಕ ತೋರಿಸಬೇಕು. ಡಿಸ್ಕ್ರಿಮಿನೇಟರ್‌ನಿಂದ ಹೊರಬರುವ ಪ್ರತಿ ಪಲ್ಸ್‌ನ ಅಗಲ 50 ನ್ಯಾನೊಸೆಕೆಂಡ್ ಇರಲಿ. ಎರಡು ಫಲಕಗಳು ಆಕಸ್ಮಿಕವಾಗಿ ಕೂಡುವ ದರ, ಎರಡೂ ಬಿಡಿ ಎಣಿಕೆಗಳ ಗುಣಲಬ್ಧಕ್ಕೆ ಅಗಲದ ಎರಡರಷ್ಟನ್ನು ಗುಣಿಸಿದಷ್ಟು. ಮೂರಕ್ಕಾದರೆ ಮೂರೂ ಎಣಿಕೆಗಳ ಗುಣಲಬ್ಧಕ್ಕೆ ಅಗಲದ ವರ್ಗದ ಮೂರರಷ್ಟು. ಬಿಡಿ ಎಣಿಕೆ ಸೆಕೆಂಡಿಗೆ 100 ಇದ್ದರೆ ಮೂರರ ಆಕಸ್ಮಿಕ ಕೂಡಿಕೆ ಇಲ್ಲವೇ ಇಲ್ಲ ಅನ್ನಬಹುದು. ಮೂರೂ ಸೋರಿ ಸೆಕೆಂಡಿಗೆ 50,000 ಮುಟ್ಟಿದರೆ ಆಕಸ್ಮಿಕ ಕೂಡಿಕೆಯೇ ಸೆಕೆಂಡಿಗೆ 0.9 ಆಗುತ್ತದೆ. ನಿಜವಾದ ಮ್ಯೂಆನ್ ಸೆಕೆಂಡಿಗೆ ಬರೀ 0.5. ಅಂದರೆ ನೀವು ಎಣಿಸುತ್ತಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು.

ಒಟ್ಟಿಗೆ ಬಂದ ಪಲ್ಸ್‌ಗಳನ್ನಷ್ಟೇ ಎಣಿಸುವ ಈ ವಿಧಾನಕ್ಕೆ ತಳಪಾಯ ಹಾಕಿದ ವಾಲ್ಟರ್ ಬೋಥೆಗೆ 1954ರಲ್ಲಿ ನೊಬೆಲ್ ಬಂತು. 1930ರಲ್ಲಿ ಬ್ರೂನೊ ರೋಸಿ ವಾಲ್ವ್‌ಗಳನ್ನು (ನಿರ್ವಾತ ಟ್ಯೂಬ್‌ಗಳನ್ನು) ಬಳಸಿ ಎಷ್ಟು ಡಿಟೆಕ್ಟರ್ ಬೇಕಾದರೂ ಸೇರಿಸಬಹುದಾದ ಕಾಯಿನ್ಸಿಡೆನ್ಸ್ ಸರ್ಕ್ಯೂಟ್ ಕೊಟ್ಟ. ಅವರ ಕಾಲದಿಂದಲೂ ಪಲ್ಸ್ ಅಗಲ ಕಿರಿದಾದಷ್ಟೂ ಸುಳ್ಳು ಕಡಿಮೆ ಅನ್ನುವ ನಿಯಮ ಬದಲಾಗಿಲ್ಲ. ಆದರೆ ತೀರಾ ಕಿರಿದು ಮಾಡಿದರೆ ಬೇರೆ ತೊಂದರೆ ಹುಟ್ಟುತ್ತದೆ. ಅದು ಮುಂದಿನ ಭಾಗದಲ್ಲಿ ಬರುತ್ತದೆ.

ಎಣಿಕೆ ಸರಿಯಾಗಿ ಇಮ್ಮಡಿಯ ಹತ್ತಿರ ಇದ್ದರೆ ಬೆಳಕಿನ ಕಡೆ ಹೋಗಬೇಡಿ. ಅದು ಕೇಬಲ್‌ನ ಪ್ರತಿಧ್ವನಿ ಇರಬಹುದು. ಟ್ಯೂಬಿನಿಂದ ನೇರವಾಗಿ ಬರುವ ಮ್ಯೂಆನ್ ಪಲ್ಸ್ ಸ್ಕೋಪ್ ಪರದೆಯಲ್ಲಿ ಹೇಗಿರುತ್ತದೆ ನೋಡಿ: ಗೆರೆ ಕೆಲವೇ ನ್ಯಾನೊಸೆಕೆಂಡಿನಲ್ಲಿ ಕೆಳಗೆ ಕಡಿದಾಗಿ ಬೀಳುತ್ತದೆ, ಆಮೇಲೆ ಸ್ವಲ್ಪ ನಿಧಾನವಾಗಿ ಮೇಲೇರಿ ಮಟ್ಟಕ್ಕೆ ಬರುತ್ತದೆ. ಇಡೀ ಆಟ 10–20 ನ್ಯಾನೊಸೆಕೆಂಡಿನದು. ಈಗ ಕೇಬಲ್ ತುದಿಯ 50 ಓಮ್ ಟರ್ಮಿನೇಟರ್ (ಪಲ್ಸ್ ಹಿಂದಕ್ಕೆ ಮರಳದಂತೆ ಹಾಕುವ ರೆಸಿಸ್ಟರ್) ತೆಗೆದು ನೋಡಿ. ಮೊದಲ ಪಲ್ಸ್ ದೊಡ್ಡದಾಗುತ್ತದೆ. ಸ್ವಲ್ಪ ದೂರದಲ್ಲಿ ಅದೇ ಆಕಾರದ ಇನ್ನೊಂದು ಸಣ್ಣ ಪಲ್ಸ್, ಅದರಾಚೆ ಮತ್ತೂ ಸಣ್ಣದು. ಕೇಬಲ್ 10 ಮೀಟರ್ ಇದ್ದರೆ ಅಂತರ ಸರಿಯಾಗಿ 100 ನ್ಯಾನೊಸೆಕೆಂಡ್: ಹೋಗಲು 50, ಬರಲು 50. ಡಿಸ್ಕ್ರಿಮಿನೇಟರ್‌ಗೆ ಇವೆಲ್ಲವೂ ಕಣಗಳೇ. ಕೇಬಲನ್ನು 5 ಮೀಟರ್‌ದಕ್ಕೆ ಬದಲಿಸಿ. ಅಂತರ 50 ನ್ಯಾನೊಸೆಕೆಂಡಿಗೆ ಇಳಿದರೆ ಅನುಮಾನ ಮುಗಿಯಿತು. ಇಳಿಯದಿದ್ದರೆ ಅದು ಟ್ಯೂಬಿನ ಒಳಗಿನ ಆಫ್ಟರ್‌ಪಲ್ಸ್. ಟ್ಯೂಬಿನಲ್ಲಿ ಉಳಿದ ಅನಿಲದ ಅಯಾನುಗಳು ಹಿಂದಕ್ಕೆ ಓಡಿ, ಬೆಳಕು ಹಿಡಿಯುವ ಪದರವಾದ ಫೋಟೊಕ್ಯಾಥೋಡ್‌ಗೆ ಬಡಿದಾಗ ಅದು ಹುಟ್ಟುತ್ತದೆ. ಹೀಲಿಯಂ ಗಾಜನ್ನು ದಾಟಿ ಒಳಗೆ ನುಸುಳುವ ಅನಿಲ, ಹಾಗಾಗಿ ಹೀಲಿಯಂ ಬಳಸುವ ಜಾಗದಲ್ಲಿ ಟ್ಯೂಬ್‌ಗಳನ್ನು ಇಡಬೇಡಿ.

ಎಣಿಕೆ ಕಡಿಮೆ, ಆದರೆ ಜೋಡಿಯಾಗಿ ನೋಡಿದರೆ ಎಲ್ಲ ಸರಿ

ಈ ಕೈಪಿಡಿ ಬರೆಯಬೇಕು ಅನ್ನಿಸಿದ್ದೇ ಈ ಭಾಗಕ್ಕಾಗಿ. ಅ ಮತ್ತು ಬ ಕೂಡಿಸಿ ನೋಡಿದರೆ ಎಣಿಕೆ ಸರಿ. ಬ ಮತ್ತು ಚ ಕೂಡಿಸಿದರೂ ಸರಿ. ಮೂರೂ ಕೂಡಿಸಿದರೆ ಬರಬೇಕಾದ್ದರ ಅರ್ಧವೂ ಇಲ್ಲ. ಫಲಕ ಬದಲಿಸುತ್ತಾರೆ, ಟ್ಯೂಬ್ ಬದಲಿಸುತ್ತಾರೆ, ವೋಲ್ಟೇಜ್ ಏರಿಸುತ್ತಾರೆ. ಯಾವುದರಿಂದಲೂ ಹೋಗುವುದಿಲ್ಲ. ಏಕೆಂದರೆ ದೋಷ ಯಾವ ಪೆಟ್ಟಿಗೆಯಲ್ಲೂ ಇಲ್ಲ. ಬ್ರಾಕೆಟ್ ಹಾಕಿದ ಜಾಗದಲ್ಲಿ ಇದೆ.

ಶಾಲೆಯ ಲೆಕ್ಕದಲ್ಲಿ (2 + 3) + 4 ಮತ್ತು 2 + (3 + 4) ಎರಡೂ ಒಂದೇ. ತರ್ಕದ ‘ಮತ್ತು’ ಕೂಡ ಹಾಗೇ. ಆದ್ದರಿಂದ ಎರಡು ಇನ್‌ಪುಟ್‌ನ ಯೂನಿಟ್‌ಗಳನ್ನು ಒಂದರ ಹಿಂದೊಂದು ಜೋಡಿಸಿ ಮೂರು ಇನ್‌ಪುಟ್‌ನ ಕೆಲಸ ಮಾಡಿಸಬಹುದು ಅಂತ ಎಲ್ಲರಿಗೂ ಅನ್ನಿಸುತ್ತದೆ. ಪಲ್ಸ್‌ಗಳಿಗೆ ಈ ನಿಯಮ ಒಪ್ಪುವುದಿಲ್ಲ. ಕಾಯಿನ್ಸಿಡೆನ್ಸ್ ಯೂನಿಟ್ ಎರಡು ಪಲ್ಸ್ ಒಂದರ ಮೇಲೊಂದು ಬೀಳುವ ಹೊತ್ತನ್ನು ಹಾಗೆಯೇ ಹೊರಗೆ ಬಿಡುವುದು ಅಪರೂಪ. ಸಾಮಾನ್ಯವಾಗಿ ಅದು ಆ ಕ್ಷಣದಿಂದ ಶುರುವಾಗುವ, ನಿಗದಿತ ಅಗಲದ ಹೊಸ ಪಲ್ಸ್ ಹುಟ್ಟಿಸುತ್ತದೆ.

ಸಂಖ್ಯೆ ಹಾಕಿ ನೋಡೋಣ. ಎಲ್ಲ ಪಲ್ಸ್‌ಗಳ ಅಗಲ 50 ನ್ಯಾನೊಸೆಕೆಂಡ್. ಅ ಪಲ್ಸ್ 0ಯಿಂದ 50ರವರೆಗೆ. ಬ 40ರಿಂದ 90. ಚ 75ರಿಂದ 125. ಅ ಮತ್ತು ಚ ಒಂದನ್ನೊಂದು ಮುಟ್ಟುವುದೇ ಇಲ್ಲ, ಹಾಗಾಗಿ ಮೂರರ ಕೂಡಿಕೆ ಆಗಬಾರದು. ಮೊದಲು ಅ, ಬ ಕೂಡಿಸಿ. 40ರಲ್ಲಿ ಶುರುವಾಗಿ 90ಕ್ಕೆ ಮುಗಿಯುವ ಹೊಸ ಪಲ್ಸ್ ಹುಟ್ಟಿತು. ಚ 75ಕ್ಕೆ ಬಂದು ಅದರ ಮೇಲೆ ಬಿತ್ತು. ಎಣಿಕೆ ಆಯಿತು. ಈಗ ಬ್ರಾಕೆಟ್ ಬದಲಿಸಿ: ಮೊದಲು ಬ, ಚ. ಹೊಸ ಪಲ್ಸ್ 75ರಿಂದ 125. ಅಷ್ಟರಲ್ಲಿ ಅ 50ಕ್ಕೇ ಮುಗಿದುಹೋಗಿದೆ. ಎಣಿಕೆ ಇಲ್ಲ. ಅದೇ ಮೂರು ಪಲ್ಸ್, ಅದೇ ಯೂನಿಟ್‌ಗಳು, ಉತ್ತರ ಬೇರೆ.

ಇದು ಸುಳ್ಳು ಎಣಿಕೆ ಬರುವ ಬಗೆ. ನಿಜದ ಎಣಿಕೆ ಕಳೆದುಹೋಗುವುದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಮೊದಲ ಯೂನಿಟ್ ದಾಟಲು ಪಲ್ಸ್‌ಗೆ 10 ನ್ಯಾನೊಸೆಕೆಂಡ್ ಬೇಕು ಅನ್ನಿ. ಮುಂದಿನ ಯೂನಿಟ್‌ಗೆ ಹೋಗಲು ಒಂದು ಮೀಟರ್ ಕೇಬಲ್, ಅದಕ್ಕೆ 5. ಅ-ಬ ಜೋಡಿ ಎರಡನೆಯ ಯೂನಿಟ್‌ಗೆ 15ಕ್ಕೆ ಬರುತ್ತದೆ. ಚ ಅಲ್ಲಿಗೆ ನೇರವಾಗಿ 0ಗೆ ಬಂದಿದೆ. ಆಕಸ್ಮಿಕ ಕೂಡಿಕೆ ಕಡಿಮೆ ಮಾಡಬೇಕು ಅಂತ ಅಗಲವನ್ನು 10ಕ್ಕೆ ಇಳಿಸಿದ್ದರೆ, ಜೋಡಿ ಬರುವ ಹೊತ್ತಿಗೆ ಚ ಮುಗಿದೇ ಹೋಗಿದೆ. ಅಗಲ 20 ಇದ್ದರೆ 5 ನ್ಯಾನೊಸೆಕೆಂಡಿನ ಕೂಡಿಕೆ ಉಳಿಯುತ್ತದೆ, ಪಲ್ಸ್‌ಗಳ ಸಹಜ ಅಲುಗಾಟಕ್ಕೆ ಅದರಲ್ಲೂ ಒಂದಷ್ಟು ತಪ್ಪುತ್ತವೆ. ನಿಮಗೆ ಕಾಣುವ ‘ಅರ್ಧ ಎಣಿಕೆ’ ಇದೇ. ಜೋಡಿ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ, ಏಕೆಂದರೆ ಜೋಡಿ ಪರೀಕ್ಷೆಯಲ್ಲಿ ಒಳಗಿನ ಬ್ರಾಕೆಟ್ಟೇ ಇಲ್ಲ.

ಲ್ಯಾಂಬ್ಡಾ ಕ್ಯಾಲ್ಕುಲಸ್ ಕಲಿತವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಅಲ್ಲಿ ಅನ್ವಯಕ್ಕೆ ಬ್ರಾಕೆಟ್ ಬದಲಿಸುವ ಸ್ವಾತಂತ್ರ್ಯ ಇಲ್ಲವೇ ಇಲ್ಲ. ಅದನ್ನು ಮೂರೇ ಸಾಲಿನಲ್ಲಿ ತೋರಿಸಬಹುದು, ಇಲ್ಲಿ ಬರೆಯದೆ ಇರಲು ಮನಸ್ಸಾಗುತ್ತಿಲ್ಲ. ‘ಕೆ’ಗೆ ಯ, ರ ಕೊಟ್ಟರೆ ಯ ಬರುತ್ತದೆ. ‘ಐ’ ಅನ್ನುವುದು ಕೊಟ್ಟದ್ದನ್ನೇ ಹಿಂತಿರುಗಿಸುತ್ತದೆ. ಈಗ ಬ್ರಾಕೆಟ್ ಎಲ್ಲಿ ಹಾಕಿದರೂ ಒಂದೇ ಅಂತ ಒಪ್ಪಿಕೊಂಡು ನೋಡೋಣ:

(ಕೆ ಐ) ಯ = ಐ, ‘ಕೆ’ಯ ನಿಯಮದಂತೆ.
ಕೆ (ಐ ಯ) = ಕೆ ಯ, ‘ಐ’ಯ ನಿಯಮದಂತೆ.
ಎರಡೂ ಸಮ ಅಂದರೆ ಕೆ ಯ = ಐ. ಎರಡೂ ಕಡೆ ರ ಕೊಡಿ: ಎಡಕ್ಕೆ ಯ, ಬಲಕ್ಕೆ ರ.

ಅಂದರೆ ಯಾವ ಯ, ಯಾವ ರ ತೆಗೆದುಕೊಂಡರೂ ಎರಡೂ ಒಂದೇ ಆಗಿಬಿಟ್ಟವು. ಇಡೀ ಬೀಜಗಣಿತ ಒಂದೇ ವಸ್ತುವಾಗಿ ಕುಸಿಯಿತು. ಎರಡು ಬೇರೆ ಬೇರೆ ವಸ್ತು ಉಳಿಯಬೇಕಾದರೆ ಬ್ರಾಕೆಟ್‌ಗೆ ಬೆಲೆ ಕೊಡಲೇಬೇಕು. ನಮ್ಮ ‘ಕೂಡು’ ಬೇರೆ ಕೆಲಸ, ಅದಕ್ಕೆ ಈ ಸಾಧನೆ ನೇರವಾಗಿ ಹೊಂದುವುದಿಲ್ಲ. ಆದರೆ ಬ್ರಾಕೆಟ್ ಬದಲಿಸಿದರೂ ನಡೆಯುತ್ತದೆ ಅನ್ನುವುದನ್ನು ಪ್ರತಿ ಸಲ ಪರೀಕ್ಷಿಸಿಯೇ ಒಪ್ಪಬೇಕು ಅನ್ನುವ ಅಭ್ಯಾಸ ನನಗೆ ಬಂದದ್ದು ಇಲ್ಲಿಂದ.

ಪರಿಹಾರ: ಮೂರು ಇನ್‌ಪುಟ್ ಇರುವ ಒಂದೇ ಯೂನಿಟ್ ಬಳಸಿ. ಇಲ್ಲದಿದ್ದರೆ ಚ ದಾರಿಗೆ ಕೇಬಲ್ ಸೇರಿಸಿ ಅದನ್ನೂ 15 ನ್ಯಾನೊಸೆಕೆಂಡ್ ತಡ ಮಾಡಿ. ಲೆಕ್ಕ ಹಾಕಿ ನಂಬಿಬಿಡಬೇಡಿ, ಅಳೆಯಿರಿ. ಚ ಕೇಬಲನ್ನು ಒಂದೊಂದು ಮೀಟರ್ ಉದ್ದ ಮಾಡುತ್ತಾ ಪ್ರತಿ ಉದ್ದಕ್ಕೂ ಎಣಿಕೆ ಬರೆದುಕೊಳ್ಳಿ. ಗ್ರಾಫ್ ಏರಿ, ಸಮತಟ್ಟಾಗಿ, ಇಳಿಯಬೇಕು. ಸಮತಟ್ಟಿನ ನಟ್ಟನಡುವೆ ನಿಲ್ಲಿಸಿ. ಅಂಚಿನಲ್ಲಿ ನಿಲ್ಲಿಸಿದರೆ ಈ ದಿನ ಸರಿ ಇರುತ್ತದೆ, ತಾಪಮಾನ ಬದಲಾದ ದಿನ ಮತ್ತೆ ಅರ್ಧಕ್ಕೆ ಬೀಳುತ್ತದೆ.

ಎಣಿಕೆ ಕಡಿಮೆ, ಒಂದು ಫಲಕದ್ದೇ ತಪ್ಪು

ಸಮಯ ಸರಿ ಇದ್ದೂ ಕಡಿಮೆ ಬಂದರೆ ಒಳಗಿನಿಂದ ಹೊರಕ್ಕೆ ಹೋಗಿ. ಇಲ್ಲಿ ಫಲಕದ ದಕ್ಷತೆಯೇ ಮುಖ್ಯ ಸಾಕ್ಷಿ. ಅ ಮತ್ತು ಚ ಎರಡೂ ಮಿನುಗಿದರೆ ಕಣ ನಡುವಿನ ಬ ಮೂಲಕ ಹೋಗಿರಲೇಬೇಕು. ಆದ್ದರಿಂದ ಮೂರರ ಎಣಿಕೆಯನ್ನು ಅ-ಚ ಜೋಡಿಯ ಎಣಿಕೆಯಿಂದ ಭಾಗಿಸಿದರೆ ಬ ಫಲಕದ ದಕ್ಷತೆ ಸಿಗುತ್ತದೆ. 1000 ಜೋಡಿಯಲ್ಲಿ 950 ಸಿಕ್ಕರೆ 95 ಶೇಕಡಾ, ಅದರಲ್ಲಿ ಅನಿಶ್ಚಿತತೆ 0.7ರಷ್ಟು. ಫಲಕಗಳ ಜಾಗ ಅದಲುಬದಲು ಮಾಡಿ ಮೂರನ್ನೂ ಸರದಿಯಲ್ಲಿ ನಡುವೆ ಇಟ್ಟು ಅಳೆಯಿರಿ.

ಒಂದು ಸೆಂಟಿಮೀಟರ್ ದಪ್ಪದ ಪ್ಲಾಸ್ಟಿಕ್ ದಾಟುವಾಗ ಮ್ಯೂಆನ್ ಸುಮಾರು 2 ಎಂಇವಿ (ಕಣಗಳ ಶಕ್ತಿಯ ಮಾನ) ಶಕ್ತಿ ಬಿಡುತ್ತದೆ. ಒಳ್ಳೆಯ ಸಿಂಟಿಲೇಟರ್ ಪ್ರತಿ ಎಂಇವಿಗೆ 10,000ದಷ್ಟು ಫೋಟಾನ್ ಕೊಡುತ್ತದೆ. ಹುಟ್ಟುವಾಗ 20,000 ಫೋಟಾನ್ ಇವೆ, ಹಾಗಾಗಿ ದಕ್ಷತೆ 70 ಶೇಕಡಾಕ್ಕೆ ಇಳಿದರೆ ಬೆಳಕು ದಾರಿಯಲ್ಲಿ ಎಲ್ಲೋ ಹೋಗುತ್ತಿದೆ ಅಂತಲೇ ಅರ್ಥ. ನಾನು ಮೊದಲು ನೋಡುವುದು ಫಲಕ-ಟ್ಯೂಬ್ ಜೋಡಣೆಯ ಗ್ರೀಸ್. ಅದರಲ್ಲಿ ಗಾಳಿಯ ಗುಳ್ಳೆ ಇದ್ದರೆ, ಮೇಲ್ಮೈಗೆ ಎಳೆದ ಲಂಬದಿಂದ 39 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಬೆಳಕು ಪ್ಲಾಸ್ಟಿಕ್‌ನಿಂದ ಹೊರಬರುವುದೇ ಇಲ್ಲ, ಪೂರ್ತಿ ಹಿಂದಕ್ಕೆ ಮರಳುತ್ತದೆ. ಎರಡನೆಯದು ಹೈ ವೋಲ್ಟೇಜ್. ಹತ್ತು ಹಂತದ ಟ್ಯೂಬ್‌ನಲ್ಲಿ ಗೇನ್, ಅಂದರೆ ಪಲ್ಸನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು, ವೋಲ್ಟೇಜ್‌ನ ಏಳನೆಯ ಘಾತದ ಆಸುಪಾಸಿನಲ್ಲಿ ಏರುತ್ತದೆ. ವೋಲ್ಟೇಜ್ 1 ಶೇಕಡಾ ಇಳಿದರೆ ಪಲ್ಸ್ ಎತ್ತರ 7 ಶೇಕಡಾ ಇಳಿಯಿತು. ಹತ್ತಿರದಲ್ಲಿ ದೊಡ್ಡ ಅಯಸ್ಕಾಂತ ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಟ್ಯೂಬ್ ಒಳಗಿನ ಎಲೆಕ್ಟ್ರಾನ್‌ಗಳ ದಾರಿ ಬಾಗುತ್ತದೆ.

ಹೆಸರು ಕಲಸಿಹೋಗುವ ದೋಷ

ಅಗಲ, ತಡ, ಮಿತಿಗಳನ್ನು ಈಗ ಹೆಚ್ಚಾಗಿ ಸ್ಕ್ರಿಪ್ಟ್‌ನಿಂದಲೇ ಹೊಂದಿಸುತ್ತೇವೆ. ಲಕ್ಷಣ ಹೀಗಿರುತ್ತದೆ: ಚ ಚಾನೆಲ್‌ನ ತಡ ಬದಲಿಸಿದರೂ ಸ್ಕೋಪ್‌ನಲ್ಲಿ ಏನೂ ಅಲುಗುವುದಿಲ್ಲ, ಅಥವಾ ಬೇರೆ ಚಾನೆಲ್ ಅಲುಗುತ್ತದೆ.

ಲ್ಯಾಂಬ್ಡಾ ಕ್ಯಾಲ್ಕುಲಸ್‌ನ ಒಂದು ಉದಾಹರಣೆ ನೋಡಿ. ಯ ತೆಗೆದುಕೊಂಡು, ಆಮೇಲೆ ರ ತೆಗೆದುಕೊಂಡು, ಯ ಹಿಂತಿರುಗಿಸುವ ಫಂಕ್ಷನ್ ಇದೆ ಅನ್ನಿ. ಅದಕ್ಕೆ ಮೊದಲ ವಸ್ತುವಾಗಿ ಹೊರಗಿನ ರ ಅನ್ನೇ ಕೊಡಿ. ಕಣ್ಣುಮುಚ್ಚಿ ಯ ಇದ್ದ ಕಡೆ ರ ಬರೆದರೆ ‘ರ ತೆಗೆದುಕೊಂಡು ರ ಹಿಂತಿರುಗಿಸು’ ಅಂತಾಯಿತು. ಸ್ಥಿರ ಉತ್ತರ ಕೊಡಬೇಕಾದ ಫಂಕ್ಷನ್ ಕೊಟ್ಟದ್ದನ್ನೇ ಕೊಡುವ ಫಂಕ್ಷನ್ ಆಯಿತು. ಹೊರಗಿನ ಹೆಸರನ್ನು ಒಳಗಿನದು ನುಂಗಿತು. ಅಕ್ಷರ ಬದಲಿಸಿ ಕೆಲಸ ಮಾಡುವ ಮ್ಯಾಕ್ರೊಗಳಲ್ಲಿ ‘ತಡ’ ಅನ್ನುವ ಹೆಸರು ಒಳಗೂ ಹೊರಗೂ ಇದ್ದರೆ ಆಗುವುದು ಇದೇ. ಒಳಗಿನ ಹೆಸರನ್ನು ಬೇರೆ ಮಾಡಿ, ಸರಿಹೋಗುತ್ತದೆ. ಡಚ್ ಗಣಿತಜ್ಞ ಡಿ ಬ್ರೌನ್ 1972ರಲ್ಲಿ ಹೆಸರನ್ನೇ ಬಿಟ್ಟು, ಎಷ್ಟನೆಯ ಹೊರಪದರಕ್ಕೆ ಸೇರಿದ್ದು ಅಂತ ಸಂಖ್ಯೆಯಿಂದ ಸೂಚಿಸುವ ಪದ್ಧತಿ ಕೊಟ್ಟರು. ಕೇಬಲ್‌ಗೂ ನಾನು ಇದನ್ನೇ ಒಪ್ಪುತ್ತೇನೆ: ‘ಹೊಸ ಕೇಬಲ್’, ‘ಬ ಕೇಬಲ್’ ಅಂತ ಚೀಟಿ ಬೇಡ. ಯಾವ ಯೂನಿಟ್‌ನ ಎಷ್ಟನೆಯ ಔಟ್‌ಪುಟ್‌ನಿಂದ ಯಾವುದರ ಎಷ್ಟನೆಯ ಇನ್‌ಪುಟ್‌ಗೆ ಅಂತ ಎರಡೂ ತುದಿಯಲ್ಲಿ ಅಂಟಿಸಿ.

ಎಣಿಕೆ ಅಲೆದಾಡುತ್ತಿದೆ

ನಿಮಿಷಕ್ಕೆ 30 ಸರಾಸರಿ ಇದ್ದರೆ ಒಂದು ನಿಮಿಷ 24, ಇನ್ನೊಂದು ನಿಮಿಷ 37 ಬರುವುದು ಸಹಜ. ಏರಿಳಿತ ಸರಾಸರಿಯ ವರ್ಗಮೂಲದಷ್ಟು, ಇಲ್ಲಿ 5.5. ಒಂದು ಗಂಟೆಯ ನಿಮಿಷವಾರು ಎಣಿಕೆಗಳ ವೇರಿಯನ್ಸ್ (ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗದ ಸರಾಸರಿ) ತೆಗೆಯಿರಿ. ಅದು ಸರಾಸರಿಯ ಹತ್ತಿರ ಇರಬೇಕು. ತುಂಬಾ ಜಾಸ್ತಿ ಇದ್ದರೆ ಎಲ್ಲೋ ಬಿಟ್ಟು ಬಿಟ್ಟು ಆಗುವ ಸಡಿಲ ಜೋಡಣೆ. ತುಂಬಾ ಕಡಿಮೆ ಇದ್ದರೆ ಯಾವುದೋ ಗಡಿಯಾರದಂತೆ ಬಡಿಯುವ ಗದ್ದಲ ಒಳಗೆ ನುಸುಳಿದೆ, ವಿದ್ಯುತ್ ಲೈನಿನ 50 ಹರ್ಟ್ಸ್ ಇರಬಹುದು. ಎರಡು ಎಣಿಕೆಗಳ ನಡುವಿನ ಅಂತರದ ಗ್ರಾಫ್‌ನಲ್ಲಿ 20 ಮಿಲಿಸೆಕೆಂಡಿಗೆ ಮೊನೆ ಎದ್ದಿದ್ದರೆ ಅದೇ ಕಳ್ಳ.

ದಿನದಿಂದ ದಿನಕ್ಕೆ ಒಂದೆರಡು ಶೇಕಡಾ ಸರಿದಾಡಿದರೆ ಉಪಕರಣವನ್ನು ಬಿಚ್ಚಬೇಡಿ. ವಾಯುಭಾರ ಏರಿದರೆ ಮ್ಯೂಆನ್ ಎಣಿಕೆ ಇಳಿಯುತ್ತದೆ, ಒಂದು ಹೆಕ್ಟೋಪ್ಯಾಸ್ಕಲ್‌ಗೆ 0.1ರಿಂದ 0.2 ಶೇಕಡಾ. ಒತ್ತಡವನ್ನೂ ಪಕ್ಕದಲ್ಲಿ ದಾಖಲಿಸಿ, ಸರಿಹೊಂದಿಸಿ, ಆಮೇಲೆ ಅನುಮಾನಪಡಿ.

ಪರೀಕ್ಷೆಗಳ ಕ್ರಮ ಬದಲಿಸಿದರೆ ಉತ್ತರ ಬದಲಾಗುತ್ತಿದ್ದರೆ

1936ರಲ್ಲಿ ಅಲೊಂಜೊ ಚರ್ಚ್ ಮತ್ತು ರಾಸರ್ ಸಾಧಿಸಿದ ಪ್ರಮೇಯ ಇದೆ. ಲ್ಯಾಂಬ್ಡಾ ಕ್ಯಾಲ್ಕುಲಸ್‌ನ ಒಂದು ಪದವನ್ನು (ಫಂಕ್ಷನ್‌ಗಳಿಂದ ಕಟ್ಟಿದ ಬರಹವನ್ನು) ಇಬ್ಬರು ಬೇರೆ ಬೇರೆ ಕ್ರಮದಲ್ಲಿ ಸರಳಗೊಳಿಸಿದರೂ ಇಬ್ಬರೂ ಮುಂದೆ ಒಂದೇ ಪದಕ್ಕೆ ಬಂದು ಸೇರಬಹುದು. ಅಂತಿಮ ರೂಪ ಇದ್ದರೆ ಅದು ಒಂದೇ. ನೆನಪು ಇಲ್ಲದ ಉಪಕರಣದಲ್ಲೂ ಹೀಗೆಯೇ ಆಗಬೇಕು: ಮೊದಲು ಟ್ಯೂಬ್ ಅದಲುಬದಲು ಮಾಡಿ ಆಮೇಲೆ ಕೇಬಲ್ ಮಾಡಿದರೂ, ಉಲ್ಟಾ ಮಾಡಿದರೂ ದೋಷ ಒಂದೇ ಜಾಗಕ್ಕೆ ಬೊಟ್ಟು ಮಾಡಬೇಕು. ಹಾಗೆ ಆಗದಿದ್ದರೆ ಉಪಕರಣಕ್ಕೆ ನೆನಪು ಇದೆ. ಬೆಳಕು ಕಂಡ ಟ್ಯೂಬ್ ಕತ್ತಲಲ್ಲಿ ಇಟ್ಟ ಮೇಲೂ ಗಂಟೆಗಟ್ಟಲೆ ಹೆಚ್ಚು ಎಣಿಸುತ್ತದೆ. ಆಗ ತಾನೇ ವೋಲ್ಟೇಜ್ ಕೊಟ್ಟ ಟ್ಯೂಬ್ ಇನ್ನೂ ನೆಲೆಗೆ ಬಂದಿರುವುದಿಲ್ಲ. ಕೈ ತಾಗಿದಾಗ ಸಡಿಲ ಕನೆಕ್ಟರ್ ಸರಿಹೋಗಿರಬಹುದು. ಪ್ರತಿ ಪರೀಕ್ಷೆಯ ಹೊತ್ತನ್ನೂ ಬರೆದಿಟ್ಟರೆ ಇವು ತಾವೇ ಕಾಣುತ್ತವೆ.

ಎರಡು ದೋಷ ಒಂದನ್ನೊಂದು ಮುಚ್ಚುವುದೂ ಉಂಟು. 2011ರಲ್ಲಿ ಒಪೆರಾ ಪ್ರಯೋಗ, ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೊಗೆ ಬಂದ ನ್ಯೂಟ್ರಿನೊಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲು ತಲುಪಿದಂತೆ ಕಾಣುತ್ತಿದೆ ಅಂತ ಪ್ರಕಟಿಸಿತು. 2012ರಲ್ಲಿ ಕಾರಣ ಸಿಕ್ಕಿತು. ಒಂದು ಆಪ್ಟಿಕಲ್ ಫೈಬರ್ ಕನೆಕ್ಟರ್ ಪೂರ್ತಿ ಕೂತಿರಲಿಲ್ಲ. ಜೊತೆಗೆ ಸಮಯ ಅಳೆಯುವ ಆಸಿಲೇಟರ್ ಕೂಡ ಸರಿದಿತ್ತು, ಅದರ ಪರಿಣಾಮ ಉಲ್ಟಾ ದಿಕ್ಕಿನದು. ಕನೆಕ್ಟರನ್ನು ಮಾತ್ರ ಸರಿಪಡಿಸಿದ್ದರೆ ಸಂಖ್ಯೆ ಇನ್ನೊಂದು ಕಡೆಗೆ ತಪ್ಪಾಗುತ್ತಿತ್ತು.

ಹಾಗಾಗಿ ದೋಷ ಸಿಕ್ಕಿತು ಅನ್ನಿಸಿದ ಮೇಲೆ ಅದನ್ನು ಬೇಕೆಂದೇ ಒಮ್ಮೆ ಮತ್ತೆ ಹಾಕಿ ನೋಡಿ. ಟರ್ಮಿನೇಟರ್ ತೆಗೆಯಿರಿ, ಚ ಕೇಬಲನ್ನು ಹಳೆಯ ಉದ್ದಕ್ಕೆ ತನ್ನಿ. ಮೊದಲು ಬಂದಷ್ಟೇ ತಪ್ಪು ಎಣಿಕೆ ಬರಬೇಕು, ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. ಅರ್ಧ ಮಾತ್ರ ಮರಳಿದರೆ ಇನ್ನೊಂದು ದೋಷ ಒಳಗೆ ಉಳಿದಿದೆ. ಪೂರ್ತಿ ಮರಳಿದರೆ ತೆಗೆದುಹಾಕಿ, ಸರಿ ಮಾಡಿ, ಅರ್ಧ ಗಂಟೆ ಎಣಿಸಿ. 900 ಸುಮಾರಿಗೆ ಬಂದರೆ ಅನಿಶ್ಚಿತತೆ 30, ಅಂದರೆ ಸುಮಾರು 3.3 ಶೇಕಡಾ. ಹೊಸ ಫಲಕವನ್ನು ನಡುವೆ ಇಟ್ಟು ಪರೀಕ್ಷೆ ಶುರು ಮಾಡಲು ಅಷ್ಟು ಸಾಕು.